ಬಿಗ್ ಬಾಯ್: ಕುಗ್ಗಿದ ಗಾತ್ರ, ಕುಗ್ಗದ ದನಿ

ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲ್ವೆಯ ‘ಬಿಗ್ ಬಾಯ್’ ಜಗತ್ತಿನ ಅತಿ ದೊಡ್ಡ ಉಗಿ ಎಂಜಿನ್‌ಗಳಲ್ಲೊಂದು. ಸ್ಕೆನೆಕ್ಟಡಿ ನಗರದ ಅಮೆರಿಕನ್ ಲೋಕೋಮೋಟಿವ್ ಕಂಪನಿ 1941ರಲ್ಲಿ 20, 1944ರಲ್ಲಿ 5 ಎಂಜಿನ್‌ಗಳನ್ನು ನಿರ್ಮಿಸಿತು. ಯೂಟಾ ರಾಜ್ಯದ ವಾಸಾಚ್ ಬೆಟ್ಟಗಳಲ್ಲಿ ಹಳಿ ಕಿಲೋಮೀಟರಿಗೆ ಸುಮಾರು 11 ಮೀಟರ್ ಏರುತ್ತದೆ. ಆ ಏರಿನಲ್ಲಿ ಸುಮಾರು 3,300 ಟನ್ ಸರಕನ್ನು ಮತ್ತೊಂದು ಎಂಜಿನ್ನಿನ ನೆರವಿಲ್ಲದೆ ಎಳೆಯುವುದೇ ಇದರ ವಿನ್ಯಾಸದ ಗುರಿಯಾಗಿತ್ತು. ಕಾರ್ಖಾನೆಯ ಕೆಲಸಗಾರನೊಬ್ಬ ಸೀಮೆಸುಣ್ಣದಲ್ಲಿ ಬರೆದ ‘ಬಿಗ್ ಬಾಯ್’ ಎಂಬ ಹೆಸರೇ ಮುಂದೆ ಇಡೀ ವರ್ಗಕ್ಕೆ ನಿಂತಿತು.

ಕಲ್ಲಿದ್ದಲು, ನೀರು ಹೊರುವ ಟೆಂಡರ್ ಸೇರಿ ಇದರ ಉದ್ದ 40 ಮೀಟರಿಗೂ ಹೆಚ್ಚು, ತೂಕ ಸುಮಾರು 540 ಟನ್. ಇಷ್ಟು ಉದ್ದದ ಎಂಜಿನ್ ತಿರುವುಗಳಲ್ಲಿ ಹಾಯಬೇಕೆಂದು ಒಂದೇ ಬಾಯ್ಲರಿನ ಕೆಳಗೆ ಎಂಟೆಂಟು ಚಾಲಕ ಗಾಲಿಗಳ ಎರಡು ಗುಂಪುಗಳನ್ನಿಟ್ಟು, ಮುಂದಿನ ಗುಂಪು ಕೀಲಿನ ಮೇಲೆ ಪಕ್ಕಕ್ಕೆ ಹೊರಳುವಂತೆ ಮಾಡಲಾಗಿದೆ.

ಉಗಿ ಎಂಜಿನ್ನಿನ ‘ಚುಕುಬುಕು’ ಅದರ ಉಸಿರು. ಸಿಲಿಂಡರಿನಲ್ಲಿ ಪಿಸ್ಟನ್ನನ್ನು ತಳ್ಳಿದ ಉಗಿ ಹೊಗೆಕೊಳವೆಯ ಮೂಲಕ ರಭಸದಿಂದ ಹೊರನುಗ್ಗುತ್ತದೆ. ಹೋಗುವಾಗ ಬೆಂಕಿಗೆ ಗಾಳಿಯನ್ನೂ ಸೆಳೆದುಕೊಡುತ್ತದೆ. ಪಿಸ್ಟನ್ನನ್ನು ಉಗಿ ಎರಡೂ ಕಡೆಯಿಂದ ತಳ್ಳುವುದರಿಂದ ಎರಡು ಸಿಲಿಂಡರಿನ ಎಂಜಿನ್ ಗಾಲಿಯ ಪ್ರತಿ ಸುತ್ತಿಗೆ ನಾಲ್ಕು ಸಲ ಹೀಗೆ ಉಸಿರು ಬಿಡುತ್ತದೆ. ಬಿಗ್ ಬಾಯ್‌ನಲ್ಲಿ ಇಂಥ ಎರಡು ಜೋಡಿಗಳಿವೆ. ಅವುಗಳ ಗಾಲಿಗಳ ನಡುವೆ ಯಾವ ಕೊಂಡಿಯೂ ಇಲ್ಲ. ಒಂದು ಗುಂಪು ತುಸು ಜಾರಿದರೂ ತಾಳ ಬದಲಾಗುತ್ತದೆ: ಎರಡೂ ದನಿಗಳು ಒಮ್ಮೆ ಒಂದಾಗಿ ಗುಡುಗುತ್ತವೆ, ಮತ್ತೊಮ್ಮೆ ಒಂದರ ಹಿಂದೊಂದು ಬರುತ್ತವೆ.

1:87 ಪ್ರಮಾಣದ ಮಾದರಿಯಲ್ಲಿ ಈ ಎಂಜಿನ್ ಸುಮಾರು 46 ಸೆಂಟಿಮೀಟರ್ ಉದ್ದವಿರುತ್ತದೆ. ಗಾತ್ರವನ್ನು ಹೀಗೆ ಕುಗ್ಗಿಸಬಹುದು, ದನಿಯನ್ನು ಕುಗ್ಗಿಸಲಾಗದು. ಸೀಟಿ ಚಿಕ್ಕದಾದಷ್ಟೂ ಅದರ ಶ್ರುತಿ ಏರುತ್ತದೆ. ಸೆಕೆಂಡಿಗೆ 300 ಕಂಪನಗಳ ಸೀಟಿಯನ್ನು 87 ಪಟ್ಟು ಕಿರಿದಾಗಿಸಿದರೆ ಕಂಪನಗಳು 26,000 ದಾಟುತ್ತವೆ. ಮನುಷ್ಯನ ಕಿವಿಗೆ ಕೇಳುವ ಮೇಲಿನ ಮಿತಿ ಸುಮಾರು 20,000. ಆದ್ದರಿಂದಲೇ ನಿಜವಾದ ಎಂಜಿನ್‌ಗಳ ದನಿಯನ್ನು ಧ್ವನಿಮುದ್ರಿಸಿ ಮಾದರಿಯೊಳಗಿನ ಚಿಪ್‌ನಲ್ಲಿ ತುಂಬಲಾಗುತ್ತದೆ.

ಮಾದರಿ ರೈಲುಗಳ ಡಿಜಿಟಲ್ ವ್ಯವಸ್ಥೆಯಲ್ಲಿ ಹಳಿಗಳು ವಿದ್ಯುತ್ತಿನ ಜತೆಗೆ ಆಜ್ಞೆಗಳನ್ನೂ ಒಯ್ಯುತ್ತವೆ. ಹಳಿಯ ವೋಲ್ಟೇಜು ಬಹಳ ವೇಗವಾಗಿ ದಿಕ್ಕು ಬದಲಿಸುತ್ತಿರುತ್ತದೆ. ಬದಲಾವಣೆಯ ನಡುವಿನ ಅವಧಿ 58 ಮೈಕ್ರೋಸೆಕೆಂಡ್ ಆದರೆ ‘ಒಂದು’, 100 ಅಥವಾ ಹೆಚ್ಚಾದರೆ ‘ಸೊನ್ನೆ’. ಪ್ರತಿ ಎಂಜಿನ್ನಿಗೂ ಒಂದು ವಿಳಾಸ ಸಂಖ್ಯೆ ಇರುತ್ತದೆ. ಅದರೊಳಗಿನ ‘ಡಿಕೋಡರ್’ ಎಂಬ ಚಿಪ್ ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನು ಮಾತ್ರ ಪಾಲಿಸಿ ಎಂಜಿನ್ನನ್ನು ಓಡಿಸುತ್ತದೆ, ದೀಪ ಹಚ್ಚುತ್ತದೆ, ಸೀಟಿ ಹಾಕುತ್ತದೆ.

ಚುಕುಬುಕು ಗಾಲಿಯ ಜತೆ ಕೂಡಿ ಬರಬೇಕಾದರೆ ವೇಗ ತಿಳಿದಿರಬೇಕು. ಡಿಕೋಡರ್ ಮೋಟಾರಿನ ವಿದ್ಯುತ್ತನ್ನು ಅರೆಕ್ಷಣ ನಿಲ್ಲಿಸಿ, ತಿರುಗುತ್ತಿರುವ ಮೋಟಾರೇ ಹುಟ್ಟಿಸುವ ವೋಲ್ಟೇಜನ್ನು ಅಳೆದು ಇದನ್ನು ತಿಳಿಯುತ್ತದೆ. ಭಾರ ಹೆಚ್ಚಿದಾಗ ದನಿಯನ್ನು ಗಡುಸುಗೊಳಿಸುವ ಡಿಕೋಡರುಗಳೂ ಇವೆ.

ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ನಿಜ ಎಂಜಿನ್ನಿನ 1.73 ಮೀಟರ್ ವ್ಯಾಸದ ಗಾಲಿ ಸೆಕೆಂಡಿಗೆ ಸುಮಾರು ಒಂದು ಸುತ್ತು ಹಾಕುತ್ತದೆ. ಅದೇ ಪ್ರಮಾಣದಲ್ಲಿ, ಅಂದರೆ ಸೆಕೆಂಡಿಗೆ 6.4 ಸೆಂಟಿಮೀಟರ್ ವೇಗದಲ್ಲಿ ಸಾಗುವ ಮಾದರಿಯ 2 ಸೆಂಟಿಮೀಟರಿನ ಗಾಲಿಯೂ ಅಷ್ಟೇ ಸುತ್ತುತ್ತದೆ. ತಾಳ ಎರಡರಲ್ಲೂ ಒಂದೇ. ಮಾದರಿ ಸೋಲುವುದು ಮಂದ್ರದಲ್ಲಿ. ಪುಟ್ಟ ಸ್ಪೀಕರ್ ಅಷ್ಟು ಗಾಳಿಯನ್ನು ಅಲುಗಿಸಲಾರದು.

ಡೀಸೆಲ್ ಎಂಜಿನ್‌ಗಳು ಬಂದ ಮೇಲೆ, 1959ರಲ್ಲಿ, ಬಿಗ್ ಬಾಯ್‌ಗಳ ದುಡಿಮೆ ಮುಗಿಯಿತು. ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಪ್ರದರ್ಶನಕ್ಕಿದ್ದ 4014ನೇ ಎಂಜಿನ್ನನ್ನು ಯೂನಿಯನ್ ಪೆಸಿಫಿಕ್ 2013ರಲ್ಲಿ ಮರಳಿ ಪಡೆದು, ಕಲ್ಲಿದ್ದಲಿನ ಬದಲು ಎಣ್ಣೆಯಿಂದ ಉರಿಯುವಂತೆ ಮಾರ್ಪಡಿಸಿ, 2019ರ ಮೇ ತಿಂಗಳಲ್ಲಿ ಮತ್ತೆ ಹಳಿಗಿಳಿಸಿತು. ಒಟ್ಟು 25ರಲ್ಲಿ ಇಂದು ಉಳಿದಿರುವವು 8. ಅವುಗಳಲ್ಲಿ ಉಗಿಯ ಬಲದಿಂದ ಓಡಿ, ಸ್ವಂತ ದನಿಯಲ್ಲಿ ಕೂಗುವುದು 4014 ಒಂದೇ.