ನಾಯಿಮರಿಯ ಹಲ್ಲಿಗೆ ಮದ್ದೇನು?

ಮನೆಗೆ ತಂದ ನಾಯಿಮರಿ ಚಪ್ಪಲಿ, ಕಾಲೊರಸು, ಸೀರೆಯ ಸೆರಗು ಒಂದನ್ನೂ ಉಳಿಸುತ್ತಿಲ್ಲವೇ? ನಮ್ಮ ರಾಜು ಮಗಳ ಹೊಸ ಚಪ್ಪಲಿ ಚಿಂದಿ ಮಾಡಿದ ದಿನ, "ಈ ಪೀಡೇನ ಎಲ್ಲಾದ್ರೂ ಬಿಟ್ಟು ಬನ್ನಿ" ಎಂದು ಯಜಮಾನರ ಮೇಲೆ ರೇಗಿದವಳು ನಾನೇ.

ಆಮೇಲೆ ತಿಳಿಯಿತು, ಅದು ತುಂಟತನವಲ್ಲ, ವಸಡಿನ ಸಂಕಟ. ಮರಿಯ 28 ಹಾಲುಹಲ್ಲುಗಳು ಸುಮಾರು ನಾಲ್ಕನೇ ತಿಂಗಳಿನಿಂದ ಬೀಳತೊಡಗಿ, ಏಳು ತಿಂಗಳ ಹೊತ್ತಿಗೆ 42 ಹೊಸ ಹಲ್ಲು ಬರುತ್ತವೆ. ಹಲ್ಲು ಬರುವಾಗ ನಮ್ಮ ಮಕ್ಕಳೂ ಸಿಕ್ಕಿದ್ದನ್ನೆಲ್ಲ ಕಚ್ಚಲಿಲ್ಲವೇ?

ದಪ್ಪ ಬಟ್ಟೆಗೆ ಗಂಟು ಹಾಕಿ, ನೆನೆಸಿ, ಫ್ರಿಜ್ಜಿನಲ್ಲಿಟ್ಟು ತಣ್ಣಗಾದ ಮೇಲೆ ಕೊಡಿ. ಎಳೆ ಬಿಡತೊಡಗಿದರೆ ತೆಗೆದುಬಿಡಿ, ನುಂಗೀತು. ಹಳೇ ಚಪ್ಪಲಿ ಕೊಡಬೇಡಿ. ಹಳೆಯದು ಯಾವುದು, ಹೊಸದು ಯಾವುದು ಎಂದು ಅದಕ್ಕೇನು ಗೊತ್ತು? ಬೇಯಿಸಿದ ಮೂಳೆಯಂತೂ ಬೇಡವೇ ಬೇಡ, ಸೀಳಿ ಗಂಟಲು, ಕರುಳಿಗೆ ಚುಚ್ಚೀತು. ಕಚ್ಚಿ ಹಾಕಿ ಎಷ್ಟೋ ಹೊತ್ತಾದ ಮೇಲೆ ಹೊಡೆದರೆ ಯಾಕೆಂದು ತಿಳಿಯದೆ ಬರೀ ಹೆದರುತ್ತದೆ. ಕಚ್ಚುವಾಗಲೇ ಬಿಡಿಸಿ, ಅದರ ಬಟ್ಟೆ ಕೊಟ್ಟು, "ಜಾಣ" ಎಂದು ಬೆನ್ನು ಸವರಿ.

ಬೆಳೆದ ನಾಯಿಯೂ ಕಚ್ಚುತ್ತಿದ್ದರೆ ಹೆಚ್ಚಾಗಿ ಒಂಟಿತನದ ಬೇಸರ. ಬೆಳಿಗ್ಗೆ ಸಂಜೆ ಅಡ್ಡಾಡಿಸಿ.

ರಾಜು ಈಗ ಬಾಗಿಲಲ್ಲಿ ಚಪ್ಪಲಿಗಳ ಪಕ್ಕದಲ್ಲೇ ಮಲಗುತ್ತಾನೆ, ಒಂದನ್ನೂ ಮುಟ್ಟುವುದಿಲ್ಲ. ಅಂದು ಬಿಟ್ಟು ಬಂದಿದ್ದರೆ ಎಂದು ನೆನೆದರೆ ಹೊಟ್ಟೆ ಚುರುಕ್ ಎನ್ನುತ್ತದೆ.