ಅರವತ್ತು ದಾಟಿದವರ ಆಲ್ಪ್ಸ್

ಅರವತ್ತಕ್ಕೆ ಅರಳುಮರಳು ಎನ್ನುತ್ತದೆ ನಮ್ಮ ಗಾದೆ. ಸ್ವಿಟ್ಜರ್ಲೆಂಡಿನ ಝೆರ್ಮಾಟ್ ಎಂಬ ಊರಿನಲ್ಲಿ 1900ರಲ್ಲಿ ಹುಟ್ಟಿದ ಉಲ್ರಿಚ್ ಇಂಡರ್‌ಬಿನೆನ್ ಅವರಿಗೆ ಈ ಗಾದೆ ಗೊತ್ತಿರಲಿಲ್ಲ. ಅವರು ವೃತ್ತಿಯಿಂದ ಪರ್ವತ ಮಾರ್ಗದರ್ಶಿ. 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರವನ್ನು ಕೊನೆಯ ಬಾರಿಗೆ ಏರಿದ್ದು 1990ರಲ್ಲಿ, ತೊಂಬತ್ತರ ಹೊಸ್ತಿಲಿನಲ್ಲಿ. 2004ರಲ್ಲಿ ತೀರಿಕೊಂಡಾಗ ಅವರಿಗೆ 103 ವರ್ಷ.

ಇಂಥವರು ಕೋಟಿಗೊಬ್ಬರು ಎಂದು ಬಿಟ್ಟುಬಿಡಬಹುದು. ಆದರೆ ಬೇಸಿಗೆಯ ದಿನಗಳಲ್ಲಿ ಆಲ್ಪ್ಸ್ ಪರ್ವತಗಳ ಯಾವುದಾದರೂ ಕಾಲುಹಾದಿಯ ಪಕ್ಕ ಒಂದು ಗಂಟೆ ಕುಳಿತರೆ ಬೇರೊಂದು ನೋಟ ಕಾಣುತ್ತದೆ. ತಲೆ ನರೆತ ಗಂಡಹೆಂಡಿರು ಬೆನ್ನಿಗೊಂದು ಚೀಲ ಹೊತ್ತು, ಊರುಗೋಲು ಹಿಡಿದು ನಿಧಾನವಾಗಿ ಏರುತ್ತಿರುತ್ತಾರೆ. ಜೊತೆಗೆ ಗುಂಪಿಲ್ಲ, ಮಾರ್ಗದರ್ಶಿ ಇಲ್ಲ. ಇವರು ಇಂಡರ್‌ಬಿನೆನ್ ಅವರಂತೆ ಗಟ್ಟಿಗರೇನಲ್ಲ. ಹಾಗಾದರೆ ಈ ವಯಸ್ಸಿನಲ್ಲಿ ಇಬ್ಬರೇ ಇಬ್ಬರು ಬೆಟ್ಟ ಹತ್ತುವ ಧೈರ್ಯ ಎಲ್ಲಿಂದ ಬರುತ್ತದೆ?

ನಮ್ಮಲ್ಲಿಂದ ಹೋಗುವ ಪ್ರವಾಸಿ ತಂಡಗಳು ಸಾಮಾನ್ಯವಾಗಿ ಆಲ್ಪ್ಸನ್ನು ನೋಡುವುದು ರೈಲಿನ ಕಿಟಕಿಯಿಂದ. ಯುಂಗ್‌ಫ್ರಾಯೋಕ್‌ಗೆ 1912ರಲ್ಲೇ ರೈಲು ಬಂದಿದೆ. 3,454 ಮೀಟರ್ ಎತ್ತರಕ್ಕೆ ಕುಳಿತಲ್ಲೇ ತಲುಪಿ, ಹಿಮದಲ್ಲಿ ನಿಂತು ಫೋಟೊ ತೆಗೆಸಿಕೊಂಡು, ಸಂಜೆಯೊಳಗೆ ಇಳಿದುಬಿಡಬಹುದು. ನಡೆದು ಹೋಗುವವರು ಕಾಣುವ ಆಲ್ಪ್ಸ್ ಬೇರೆ. ಅದರ ಹಿಂದೆ ಶತಮಾನಗಳಿಂದ ಕಟ್ಟಿಕೊಂಡು ಬಂದ ಒಂದು ವ್ಯವಸ್ಥೆಯಿದೆ.

ಮೊದಲನೆಯದು ತಂಗುವ ಜಾಗ. ಇಟಲಿ ಮತ್ತು ಸ್ವಿಟ್ಜರ್ಲೆಂಡಿನ ನಡುವಣ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯಲ್ಲಿ, 2,469 ಮೀಟರ್ ಎತ್ತರದಲ್ಲಿ, ಕ್ರೈಸ್ತ ಸಂನ್ಯಾಸಿಗಳು ಹನ್ನೊಂದನೆಯ ಶತಮಾನದಲ್ಲಿ ದಾರಿಹೋಕರಿಗಾಗಿ ಛತ್ರವೊಂದನ್ನು ತೆರೆದರು. ಅದು ಈಗಲೂ ಅತಿಥಿಗಳನ್ನು ಬರಮಾಡಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಟ್ಟ ಹತ್ತುವುದು ಹವ್ಯಾಸವಾದಾಗ ಆಲ್ಪೈನ್ ಕ್ಲಬ್ಬುಗಳು ಹುಟ್ಟಿದವು. ಲಂಡನ್ನಿನದು 1857ರಲ್ಲಿ, ಆಸ್ಟ್ರಿಯಾದ್ದು 1862ರಲ್ಲಿ, ಸ್ವಿಟ್ಜರ್ಲೆಂಡ್ ಮತ್ತು ಇಟಲಿಯವು 1863ರಲ್ಲಿ ಸ್ಥಾಪನೆಯಾದವು. ಸ್ವಿಸ್ ಕ್ಲಬ್ ಹುಟ್ಟಿದ ವರ್ಷವೇ ಟೋಡಿ ಪರ್ವತದ ಮೇಲೆ ಕಲ್ಲಿನ ಪುಟ್ಟ ಗುಡಿಸಲೊಂದನ್ನು ಕಟ್ಟಿತು. ಇಂದು ಆ ಕ್ಲಬ್ಬಿನದೇ ಸುಮಾರು 150 ತಂಗುಮನೆಗಳಿವೆ.

ಇವು ಹೋಟೆಲುಗಳಲ್ಲ. ಬೂಟುಗಳನ್ನು ಬಾಗಿಲಲ್ಲೇ ಬಿಟ್ಟು ಅಲ್ಲಿಟ್ಟ ಚಪ್ಪಲಿ ಮೆಟ್ಟಿಕೊಳ್ಳಬೇಕು. ಸಾಲು ಹಾಸಿಗೆಗಳಲ್ಲಿ ಅಪರಿಚಿತರ ಗೊರಕೆಯ ನಡುವೆ ಮಲಗಬೇಕು. ನೀರು ಮಿತ, ಸ್ನಾನ ಸಿಕ್ಕರೆ ಅದೃಷ್ಟ. ಊಟ ಎಲ್ಲರಿಗೂ ಒಂದೇ ಹೊತ್ತಿಗೆ. ಸಸ್ಯಾಹಾರಿಗಳು ಜಾಗ ಕಾದಿರಿಸುವಾಗಲೇ ಹೇಳಿಬಿಡುವುದು ಒಳ್ಳೆಯದು. ಅಲ್ಲೊಂದು ಪುಸ್ತಕವಿರುತ್ತದೆ. ಬಂದವರು ಹೆಸರು ಬರೆದು, ನಾಳೆ ಹೋಗುವುದೆಲ್ಲಿಗೆ ಎಂದೂ ಬರೆಯುತ್ತಾರೆ. ಯಾರಾದರೂ ಕಾಣೆಯಾದರೆ ಹುಡುಕುವವರು ಮೊದಲು ತೆರೆಯುವುದು ಅದನ್ನೇ.

ಎರಡನೆಯದು ಹಾದಿಯ ಗುರುತು. ಇದರ ಹಿಂದೆ ಒಬ್ಬ ಮೇಷ್ಟ್ರ ಕಥೆಯಿದೆ. 1930ರ ದಶಕದ ಆರಂಭದಲ್ಲಿ ಯೋಹಾನ್ ಯಾಕೋಬ್ ಎಸ್ ಎಂಬ ಶಿಕ್ಷಕರು ತಮ್ಮ ವಿದ್ಯಾರ್ಥಿಗಳೊಂದಿಗೆ ಕ್ಲೌಸೆನ್ ಕಣಿವೆದಾರಿಯನ್ನು ನಡೆದು ದಾಟುತ್ತಿದ್ದಾಗ ಮೋಟಾರು ಕಾರುಗಳ ಕಾಟಕ್ಕೆ ಬೇಸತ್ತರು. ನಡೆಯುವವರಿಗೆ ಬೇರೆಯದೇ ಹಾದಿ ಬೇಕೆಂಬ ಅವರ ಯೋಚನೆಯಿಂದ 1934ರಲ್ಲಿ ಒಂದು ಸಂಘ ಹುಟ್ಟಿತು. 1979ರಲ್ಲಿ ಸ್ವಿಸ್ ಮತದಾರರು ಕಾಲುಹಾದಿಗಳ ರಕ್ಷಣೆಯನ್ನು ಸಂವಿಧಾನಕ್ಕೇ ಸೇರಿಸಿದರು. ಇಂದು ಆ ಪುಟ್ಟ ದೇಶದಲ್ಲಿ ಗುರುತು ಹಾಕಿದ ಕಾಲುಹಾದಿಗಳ ಉದ್ದ ಸುಮಾರು 65,000 ಕಿಲೋಮೀಟರ್.

ಕವಲು ಹಾದಿಗಳಲ್ಲಿ ನೆಟ್ಟ ಹಳದಿ ಫಲಕಗಳು ಮುಂದಿನ ಊರು ಎಷ್ಟು ದೂರವೆಂದಲ್ಲ, ಎಷ್ಟು ಹೊತ್ತಿನ ನಡಿಗೆಯೆಂದು ತಿಳಿಸುತ್ತವೆ. ವಿರಾಮದ ವೇಳೆ ಆ ಲೆಕ್ಕದಲ್ಲಿ ಸೇರಿಲ್ಲ. ವಯಸ್ಸಾದವರು ಅದಕ್ಕೆ ಅರ್ಧದಷ್ಟು ಸೇರಿಸಿಕೊಳ್ಳುವುದು ಜಾಣತನ. ಹಳದಿ ಗುರುತಿನದು ಸಾಮಾನ್ಯ ಹಾದಿ. ಬಿಳಿ-ಕೆಂಪು-ಬಿಳಿ ಪಟ್ಟೆಯದು ಕಡಿದಾದ, ಕೆಲವೆಡೆ ಪ್ರಪಾತದ ಅಂಚಿನ ಹಾದಿ. ಬಿಳಿ-ನೀಲಿ-ಬಿಳಿ ಪಟ್ಟೆ ಕಂಡರೆ ಅದು ಹಗ್ಗ ಹಿಡಿಯಬಲ್ಲ ಅನುಭವಿಗಳಿಗೆ ಮಾತ್ರ.

ಮೂರನೆಯದು ವಾಹನ. ಸ್ವಿಟ್ಜರ್ಲೆಂಡಿನ ಹಳದಿ ಅಂಚೆ ಬಸ್ಸು 1906ರಿಂದ ಓಡುತ್ತಿದೆ. ಕಣಿವೆಯ ಕೊನೆಯ ಊರಿಗೂ ಅದು ಬರುತ್ತದೆ. ಬೆಳಿಗ್ಗೆ ಏರಲು ಹೊರಟವರಿಗೆ ಸಂಜೆ ಬಸ್ಸು ಎಷ್ಟು ಗಂಟೆಗೆಂದು ಗೊತ್ತಿರುತ್ತದೆ.

ಈ ಮೂರೂ ಕೂಡಿ ಹೇಗೆ ಕೈಹಿಡಿಯುತ್ತವೆಂದು ತಿಳಿಯಲು ಮೋಂಬ್ಲಾ ಪರ್ವತದ ಪ್ರದಕ್ಷಿಣೆಯನ್ನು ನೋಡಬಹುದು. ಜಿನೀವಾದ ವಿಜ್ಞಾನಿ ಸೋಸ್ಯೂರ್ 1767ರಲ್ಲಿ ಈ ಸುತ್ತು ಹಾಕಿದ್ದರು. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರನ್ನೂ ಹಾಯುವ ಹಾದಿ ಇದು. ಉದ್ದ ಸುಮಾರು 170 ಕಿಲೋಮೀಟರ್. ಎಲ್ಲ ಏರುಗಳನ್ನೂ ಕೂಡಿಸಿದರೆ ಹತ್ತಿರಹತ್ತಿರ 10,000 ಮೀಟರ್. 2008ರ ಕೊನೆಯಲ್ಲಿ ಸ್ವಿಟ್ಜರ್ಲೆಂಡೂ ಷೆಂಗೆನ್ ಒಕ್ಕೂಟಕ್ಕೆ ಸೇರಿದ್ದರಿಂದ ನಮ್ಮವರಿಗೆ ಮೂರು ದೇಶಕ್ಕೂ ಒಂದೇ ವೀಸಾ ಸಾಕು.

ಹತ್ತು ಹನ್ನೊಂದು ದಿನಗಳ ಈ ಸುತ್ತನ್ನು ಪೂರ್ತಿ ನಡೆಯಲೇಬೇಕೆಂದಿಲ್ಲ. ಇಟಲಿಯ ಕೂರ್ಮಾಯರ್ ಊರಿನಿಂದ ಬೇಸಿಗೆಯಲ್ಲಿ ಫೆರೆ ಕಣಿವೆಯೊಳಗೆ ಬಸ್ಸು ಹೋಗುತ್ತದೆ. ಅದು ನಿಲ್ಲುವಲ್ಲಿಂದ ಸುಮಾರು 770 ಮೀಟರ್ ಏರಿದರೆ ಗ್ರಾಂ ಕೋಲ್ ಫೆರೆ, 2,537 ಮೀಟರ್ ಎತ್ತರದ ಗಡಿ. ಆಚೆ ಸ್ವಿಟ್ಜರ್ಲೆಂಡಿನ ಲಾ ಫೂಲಿಗೆ 900 ಮೀಟರಿಗೂ ಹೆಚ್ಚು ಇಳಿಜಾರು. ಅಲ್ಲಿ ಮತ್ತೆ ಬಸ್ಸು. ನಡುವೆ ಎಲೆನಾ ಎಂಬ ತಂಗುಮನೆ.

ಅರವತ್ತೈದರ ದಂಪತಿಯೊಬ್ಬರು ಅಲ್ಲಿಗೆ ತಲುಪಿದ್ದಾರೆ ಎಂದುಕೊಳ್ಳೋಣ. ಮೇಲೆ ಮೋಡ ಕವಿಯುತ್ತಿದೆ, ಹೆಂಡತಿಯ ಮಂಡಿ ನೋಯುತ್ತಿದೆ. ಗಂಡನಿಗೆ ‘ಇನ್ನೇನು ಬಂದೇಬಿಟ್ಟಿತು’ ಎನ್ನುವ ಆಸೆ. ಸಾಹಸದ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ. ಬೆಟ್ಟದಲ್ಲಿ ಜನ ಹೆಚ್ಚಾಗಿ ಬೀಳುವುದು ಹತ್ತುವಾಗಲ್ಲ, ದಣಿದ ಕಾಲಿನಲ್ಲಿ ಇಳಿಯುವಾಗ. ಗಂಡಸರಿಗೆ ಹೃದಯಾಘಾತದ ಅಪಾಯ ಬೇರೆ. ಇಬ್ಬರಲ್ಲಿ ನಿಧಾನವಾಗಿ ನಡೆಯುವವರ ಹೆಜ್ಜೆಯೇ ಇಬ್ಬರ ಹೆಜ್ಜೆಯಾಗಬೇಕು. ‘ನೀನು ನಿಧಾನ ಬಾ’ ಎಂದು ಒಬ್ಬರು ಮುಂದೆ ಹೋದರೆ ಇಬ್ಬರೂ ಒಂಟಿಯಾಗುತ್ತಾರೆ. ಆ ರಾತ್ರಿ ಜಾಗ ಕೇಳಿ ಅಲ್ಲೇ ಉಳಿಯಬಹುದು. ಇಲ್ಲವೇ ಬಂದ ದಾರಿಯಲ್ಲೇ ಇಳಿದು ಬಸ್ಸು ಹತ್ತಬಹುದು. ಹಿಂದಿರುಗಿದರೆ ಪ್ರವಾಸವೇನೂ ಕೆಡುವುದಿಲ್ಲ. ತಂಗುಮನೆ, ಫಲಕ, ಬಸ್ಸು ಇರುವುದು ಮುಂದೆ ಹೋಗುವವರಿಗಷ್ಟೇ ಅಲ್ಲ, ಹಿಂದಿರುಗುವವರಿಗೂ ಕೂಡ.

ಅಪಾಯಕ್ಕೂ ಅಲ್ಲೊಂದು ಭಾಷೆಯಿದೆ. ಕ್ಲಿಂಟನ್ ಡೆಂಟ್ ಎಂಬ ಇಂಗ್ಲಿಷ್ ವೈದ್ಯರು 1894ರಲ್ಲಿ ರೂಪಿಸಿದ ಸಂಕೇತ ಇವತ್ತಿಗೂ ಚಾಲ್ತಿಯಲ್ಲಿದೆ. ನಿಮಿಷಕ್ಕೆ ಆರು ಬಾರಿ ಸಿಳ್ಳೆ ಊದಬೇಕು ಅಥವಾ ಟಾರ್ಚು ಮಿನುಗಿಸಬೇಕು. ಒಂದು ನಿಮಿಷ ಬಿಟ್ಟು ಮತ್ತೆ ಆರು. ನಿಮಿಷಕ್ಕೆ ಮೂರರಂತೆ ಉತ್ತರ ಬಂದರೆ ಯಾರಿಗೋ ಕೇಳಿಸಿದೆ ಎಂದು ಅರ್ಥ. ಫೋನು ಸಿಕ್ಕರೆ 112. ಹೊರಡುವ ಮೊದಲು, ಪ್ರವಾಸದ ವಿಮೆಯಲ್ಲಿ ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಕರೆತರುವ ಖರ್ಚು ಸೇರಿದೆಯೇ ಎಂದು ನೋಡಿಕೊಳ್ಳಬೇಕು.

ಬೆಟ್ಟವೂ ಈಗ ಮೊದಲಿನಂತಿಲ್ಲ. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಸ್ ಹಿಮನದಿಗಳು ತಮ್ಮ ಗಾತ್ರದ ಸುಮಾರು ಶೇ 10ರಷ್ಟನ್ನು ಕಳೆದುಕೊಂಡವು. ಅಲೆಟ್ಷ್ ಹಿಮನದಿಯ ಮೇಲಿನ ಕೊಂಕಾರ್ಡಿಯಾ ತಂಗುಮನೆ 1877ರಲ್ಲಿ ಹಿಮದಿಂದ ಸುಮಾರು 50 ಮೀಟರ್ ಎತ್ತರದಲ್ಲಿತ್ತು. ಹಿಮ ಕುಗ್ಗಿದಂತೆಲ್ಲ ಕೆಳಕ್ಕೆ ಮೆಟ್ಟಿಲು ಸೇರಿಸುತ್ತ ಹೋಗಬೇಕಾಯಿತು. ಮೇ 2025ರಲ್ಲಿ ಬ್ಲಾಟೆನ್ ಎಂಬ ಹಳ್ಳಿಯನ್ನು ಕುಸಿದ ಹಿಮನದಿ ಮುಚ್ಚಿಹಾಕಿತು. ಜನರನ್ನು ಮೊದಲೇ ತೆರವು ಮಾಡಿಸಿದ್ದರಿಂದ ದೊಡ್ಡ ಪ್ರಾಣಹಾನಿ ತಪ್ಪಿತು. ಹೋದ ವರ್ಷದ ನಕ್ಷೆ ನಂಬಿ ಹೊರಡುವ ಬದಲು, ಹಾದಿ ತೆರೆದಿದೆಯೇ ಎಂದು ತಂಗುಮನೆಯವರನ್ನೇ ಹಿಂದಿನ ಸಂಜೆ ಕೇಳಬೇಕು.

ಸ್ವತಂತ್ರ ಪ್ರವಾಸವೆಂದರೆ ಯಾರ ನೆರವೂ ಇಲ್ಲದ ಪ್ರವಾಸವೆಂದಲ್ಲ. ಹಿಂದಿನವರು ಬಿಟ್ಟುಹೋದ ಗುರುತನ್ನು ನಂಬಿ, ತಮ್ಮ ಹೆಜ್ಜೆಯನ್ನು ತಾವೇ ಅಳೆದುಕೊಳ್ಳುವುದು. ಅರವತ್ತರ ನಂತರ ಬೆಟ್ಟದಲ್ಲಿ ಅರಳುವುದೂ ಉಂಟು. ಮರಳುವುದು ಗೊತ್ತಿರಬೇಕು, ಅಷ್ಟೆ.