ಹಳೆಯ ನೆಗಡಿಯ ಸ್ಮರಣೆ

ಮಲೆನಾಡಿನ ಸೆರಗಿಗೆ ಹೊಂದಿಕೊಂಡಿರುವ ಕಲಘಟಗಿಯಲ್ಲಿ ಆಷಾಢದ ಜಡಿಮಳೆ ಹಿಡಿದೊಡನೆ ಮನೆಮನೆಗೂ ಕಾಲಿಡುವ ನೆಗಡಿಯನ್ನು ರೋಗವೆಂದು ಗಣಿಸುವವರು ವಿರಳ. ಆ ಊರಿನ ಹೆಸರಾಂತ ಬಣ್ಣದ ತೊಟ್ಟಿಲಲ್ಲಿ ಮಲಗಿದ ಕೂಸಿನ ಮೂಗು ಸೋರಿದರೆ ಅಜ್ಜಿ ಬಜೆ ತೇಯ್ದು ನೆಕ್ಕಿಸಿ ನಿಶ್ಚಿಂತಳಾಗುತ್ತಾಳೆ. ಶರೀರವಾದರೋ ಆ ಅಲ್ಪವ್ಯಾಧಿಯನ್ನು ಅಷ್ಟು ಬೇಗ ಮರೆಯದು.

ನೆಗಡಿಯನ್ನು ತರುವ ವೈರಾಣುಗಳಲ್ಲಿ ರೈನೋವೈರಸ್ಸುಗಳದೇ ಮೇಲುಗೈಯಾದರೂ, 229ಇ, ಎನ್‌ಎಲ್63, ಓಸಿ43, ಎಚ್‌ಕೆಯು1 ಎಂಬ ನೀರಸ ನಾಮಧೇಯದ ನಾಲ್ಕು ಕೊರೊನಾವೈರಸ್ಸುಗಳೂ ಅವುಗಳೊಡನೆ ಊರೂರು ಅಲೆಯುತ್ತಿವೆ. ಇವುಗಳಲ್ಲಿ ಓಸಿ43 ಎಂಬುದು ದನಗಳ ಕೊರೊನಾವೈರಸ್ಸಿಗೆ ಅತಿ ಸಮೀಪದ ನೆಂಟನೆಂಬ ಸಂಗತಿ, ಕೊಟ್ಟಿಗೆಯ ಮಗ್ಗುಲಲ್ಲೇ ಬಾಳುವ ನಮ್ಮ ರೈತರಿಗೆ ಕೌತುಕವೆನಿಸೀತು. 2020ರಲ್ಲಿ ಕ್ಯಾಲಿಫೋರ್ನಿಯದ ಲಾ ಹೋಯ ಸಂಸ್ಥೆಯ ವಿಜ್ಞಾನಿಗಳು, 2015ರಿಂದ 2018ರವರೆಗೆ ಸಂಗ್ರಹಿಸಿಟ್ಟಿದ್ದ, ಎಂದರೆ ಕೋವಿಡ್ ಎಂಬ ಹೆಸರೇ ಹುಟ್ಟದಿದ್ದ ಕಾಲದ ರಕ್ತವನ್ನು ಪರೀಕ್ಷಿಸಲು, ಅದರೊಳಗಿನ ಟಿ-ಕೋಶಗಳೆಂಬ ರೋಗನಿರೋಧಕ ಕಣಗಳಲ್ಲಿ ಕೆಲವು ಹಳೆಯ ನೆಗಡಿಯ ವೈರಸ್ಸಿಗೂ ಹೊಸ ಮಾರಿಗೂ ಸಮಾನವಾಗಿ ಪ್ರತಿಸ್ಪಂದಿಸಿದುವು.

ಇದರ ರಹಸ್ಯ ಹೀಗಿದೆ. ಪ್ರತಿಕಾಯಗಳು ವೈರಾಣುವಿನ ಹೊರಮೈಯ ಆಕಾರವನ್ನು ಹಿಡಿದು ಅದನ್ನು ತಡೆಯುತ್ತವೆ. ಆ ಆಕಾರವೋ ಬಹು ಚಂಚಲವಾದುದು. ಟಿ-ಕೋಶಗಳು ನೋಡುವುದು, ಸೋಂಕಿದ ಜೀವಕೋಶವು ವೈರಾಣುವಿನ ಪ್ರೋಟೀನುಗಳನ್ನು ತುಂಡರಿಸಿ ತನ್ನ ಮೇಲ್ಮೈಯಲ್ಲಿ ಒಡ್ಡುವ ಚೂರುಗಳನ್ನು. ವಂಶಾಭಿವೃದ್ಧಿಗೆ ಅನಿವಾರ್ಯವಾದ ಒಳಗಿನ ಪ್ರೋಟೀನುಗಳು ಸುಲಭವಾಗಿ ಮಾರ್ಪಡಲಾರವಾದುದರಿಂದ, ಸಂತೆಯಲ್ಲಿ ಕಂಡ ಅಪರಿಚಿತನನ್ನು ಮನೆತನದ ಮೂಗಿನಿಂದಲೇ ಗುರುತಿಸುವ ಹಿರಿಯರಂತೆ ಟಿ-ಕೋಶಗಳು ಹೊಸಬನಲ್ಲಿ ಹಳಬನನ್ನು ಕಾಣುತ್ತವೆ. ಲಂಡನ್ನಿನ ಇಂಪೀರಿಯಲ್ ಕಾಲೇಜು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋವಿಡ್ ರೋಗಿಗಳ ಒಡನಿದ್ದ 52 ಮಂದಿಯ ಪೈಕಿ ಸೋಂಕು ತಗುಲದವರ ರಕ್ತದಲ್ಲಿ ಇಂಥ ಕೋಶಗಳು ಹೆಚ್ಚಾಗಿದ್ದುವು. ಅವೇ ಕಾಪಾಡಿದುವೆಂದು ರುಜುವಾತುಪಡಿಸಲು ಇಷ್ಟೇ ಸಾಲದು.

ಇರಲಿ, ತನ್ನದೇ ವೈರಾಣುವಿನ ವಿಷಯದಲ್ಲಿಯೂ ಈ ಸ್ಮರಣೆ ಪೂರ್ಣಕವಚವಲ್ಲ. ಇಂಗ್ಲೆಂಡಿನ ಸಾಲ್ಸ್‌ಬರಿಯ ನೆಗಡಿ ಸಂಶೋಧನಾ ಘಟಕದಲ್ಲಿ ಸ್ವಯಂಸೇವಕರ ಮೂಗಿಗೆ 229ಇ ಹನಿಸಿ, ವರ್ಷದ ತರುವಾಯ ಮತ್ತೆ ಅದನ್ನೇ ಹನಿಸಿದಾಗ, ಮೊದಲು ಸೋಂಕಿದ್ದವರಲ್ಲಿ ಹೆಚ್ಚಿನವರಿಗೆ ಪುನಃ ಸೋಂಕಾಯಿತು. ನೆಗಡಿ ಮಾತ್ರ ಒಬ್ಬರಿಗೂ ಆಗಲಿಲ್ಲ. ಈ ಪರಿಣಾಮ 1990ರಲ್ಲಿ ಪ್ರಕಟವಾಯಿತು. ನೆಗಡಿಯನ್ನುಂಡು ಬೆಳೆದ ಹಳ್ಳಿಗರಿಗೆ ಕೋವಿಡ್ ತಟ್ಟದೆಂದು ಧೈರ್ಯ ಹೇಳಿದವರು ಇದನ್ನು ಗಮನಿಸಿರಲಾರರು. 2020ರ ಸೆಪ್ಟೆಂಬರಿನಲ್ಲಿ ಕರ್ನಾಟಕದಲ್ಲಿ ನಡೆದ ಸಮೀಕ್ಷೆಯ ಅಂದಾಜಿನಂತೆ, ಲಸಿಕೆ ಬರುವ ಮೊದಲೇ ಜನರಲ್ಲಿ ಕಾಲುಭಾಗಕ್ಕೂ ಮಿಕ್ಕಿದವರಿಗೆ ಸೋಂಕು ತಗುಲಿತ್ತು. ಅದರಲ್ಲಿ ಆಶ್ಚರ್ಯವೇನೂ ಇಲ್ಲ: ಟಿ-ಕೋಶಗಳು ಕಾರ್ಯೋನ್ಮುಖವಾಗುವುದೇ ಯಾವುದಾದರೊಂದು ಜೀವಕೋಶ ವೈರಾಣುವಿಗೆ ತುತ್ತಾದ ಅನಂತರ.